ಯಂತ್ರಲೋಕ: ಮಂಜು ಸರಿದಾಗ ಕಿರಿದಾದ ನಾಡು

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಸಾಗುವ ದಾರಿಯಲ್ಲಿರುವ ಆಲ್ದೂರನ್ನು ಬಲ್ಲವರು ಅಲ್ಲಿಯ ಮಳೆಗಾಲದ ಮಂಜನ್ನೂ ಬಲ್ಲರು. ಆಷಾಢದ ಬೆಳಗಿನಲ್ಲಿ ರಸ್ತೆಯ ಇಕ್ಕೆಲದ ಸಿಲ್ವರ್ ಓಕ್ ಮರಗಳು ಹತ್ತು ಮಾರು ದೂರದವರೆಗೆ ಕಂಡರೆ ಹೆಚ್ಚು. ಅದರಾಚೆಗೆ ಕಾಫಿಯ ಗಿಡವೂ ಇಲ್ಲ, ಗುಡ್ಡವೂ ಇಲ್ಲ, ಬಾನೂ ಇಲ್ಲ. ಹೊಸದಾಗಿ ಬಂದ ಪ್ರಯಾಣಿಕನಿಗೆ ಈ ತೋಟಗಳಿಗೆ ಕೊನೆಯೇ ಇಲ್ಲವೆಂದು ತೋರುತ್ತದೆ. ಅದೇ ಪ್ರಯಾಣಿಕ ಮಾಘದ ಬಿಸಿಲಿನಲ್ಲಿ ಬಂದು ಯಾವುದಾದರೂ ದಿಣ್ಣೆಯನ್ನೇರಿದರೆ, ಈ ಊರನ್ನೂ ಅದರಾಚೆಯ ಊರನ್ನೂ ಒಂದೇ ನೋಟದಲ್ಲಿ ಅಳೆದುಬಿಡುತ್ತಾನೆ. ಊರು ಇದ್ದಷ್ಟೇ ಇದೆ; ನಡುವಣ ತೆರೆಯೊಂದು ಸರಿದಿದೆ.

ಮರೆಯಾದದ್ದು ದೊಡ್ಡದಾಗಿ ತೋರುತ್ತದೆಂಬ ಈ ಸಾಮಾನ್ಯ ಸಂಗತಿಯೇ ವಿಡಿಯೋ ಆಟಗಳ ಲೋಕದಲ್ಲಿ ಒಂದು ದೊಡ್ಡ ವಿವಾದಕ್ಕೆ ಎಡೆಗೊಟ್ಟಿತೆಂದರೆ ವಾಚಕರಿಗೆ ಅಚ್ಚರಿಯಾಗಬಹುದು. ಆ ಕಥೆಯನ್ನು ಹೇಳುವ ಮುನ್ನ ವಿಷಯದ ಹಿನ್ನೆಲೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಇಂದು ಒಂದೇ ಆಟವು ಹಲವು ಯಂತ್ರಗಳ ಮೇಲೆ ದೊರೆಯುತ್ತದೆ. ಟೆಲಿವಿಷನ್ನಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದು, ಮೇಜಿನ ಮೇಲಿನ ಕಂಪ್ಯೂಟರು ಮತ್ತೊಂದು, ಅಂಗೈಯಗಲದ ಫೋನು ಇನ್ನೊಂದು. ತರುಣರು ನಾಲ್ವರು ಕೂಡಿದಲ್ಲಿ, ಯಾವುದರಲ್ಲಿ ಆಟ ಚೆನ್ನಾಗಿ ಕಾಣುತ್ತದೆ, ಯಾವುದರಲ್ಲಿ ತಡೆಯಿಲ್ಲದೆ ಓಡುತ್ತದೆ ಎಂಬ ವಾದ ಏಳದೆ ಇರುವುದಿಲ್ಲ. ಹಿರಿಯರು ಇದನ್ನು ಹುಡುಗಾಟಿಕೆಯೆಂದು ಬದಿಗೆ ತಳ್ಳುತ್ತಾರೆ. ಆದರೆ ಈ ವಾದದ ತೀರ್ಪಿನ ಮೇಲೆ ಅನೇಕ ಮನೆಗಳ ಹಣ ವೆಚ್ಚವಾಗುತ್ತದೆ. 15,000 ರೂಪಾಯಿಯ ಫೋನು ಸಾಲದು, 50,000ದ್ದೇ ಬೇಕು ಎಂದು ಮಗ ಹಟ ಹಿಡಿದಾಗ, ತೋಟದ ಕೂಲಿಯಿಂದಲೋ ಎರಡೆಕರೆ ಕಾಫಿಯಿಂದಲೋ ಸಂಸಾರ ತೂಗಿಸುವ ತಂದೆ ನಿರುತ್ತರನಾಗುತ್ತಾನೆ. ಮಗನ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಭ್ರಮೆ ಎಂದು ಅಳೆಯುವ ತಕ್ಕಡಿ ಅವನ ಬಳಿ ಇರುವುದಿಲ್ಲ.

ಕಾಫಿ ಸೀಮೆಯವರಿಗೆ ಈ ಪ್ರಶ್ನೆಯ ಸ್ವರೂಪ ಅಪರಿಚಿತವೇನೂ ಅಲ್ಲ. ಒಂದೇ ಗಿಡದ ಹಣ್ಣನ್ನು ಪಲ್ಪರಿಗೆ ಹಾಕಿ, ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಕೊಯ್ದ ಹಣ್ಣನ್ನು ಹಾಗೆಯೇ ಕಣದಲ್ಲಿ ಹರಡಿ ಒಣಗಿಸಿದರೆ ಅದು ಚೆರಿ. ಬೀಜ ಒಂದೇ ಆದರೂ ಲೋಟದಲ್ಲಿ ರುಚಿ ಬೇರೆ, ಮಾರುಕಟ್ಟೆಯಲ್ಲಿ ಬೆಲೆ ಬೇರೆ. ಆಟವನ್ನು ರಚಿಸಿದವರು ಕೊಡುವುದು ಹಣ್ಣು. ಅದನ್ನು ಹದಗೊಳಿಸುವ ಕಣವೇ ಯಂತ್ರ.

ಇದಕ್ಕೆ ಒಳ್ಳೆಯ ನಿದರ್ಶನ ‘ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್’ ಎಂಬ ಆಟ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ರಾಕ್‌ಸ್ಟಾರ್ ನಾರ್ತ್ ಸಂಸ್ಥೆ ರಚಿಸಿದ ಈ ಆಟ 2004ರ ಅಕ್ಟೋಬರಿನಲ್ಲಿ ಪ್ಲೇಸ್ಟೇಷನ್ 2 ಯಂತ್ರದ ಮೇಲೆ ಮೊದಲು ಪ್ರಕಟವಾಯಿತು. ಇದರ ಕಥೆ ಹಿಂಸೆಯಿಂದ ಕೂಡಿದ್ದು, ವಯಸ್ಕರಿಗೆ ಮಾತ್ರವೆಂದು ಗುರುತಿಸಲ್ಪಟ್ಟದ್ದು. ಎಳೆಯರ ಕೈಗೆ ಕೊಡತಕ್ಕದ್ದಲ್ಲ. ಆದರೆ ಯಂತ್ರಕೌಶಲದ ದೃಷ್ಟಿಯಿಂದ ನೋಡಿದಲ್ಲಿ ಅದೊಂದು ಸಾಹಸವೇ ಸರಿ. ಮೂರು ನಗರಗಳು, ಹಳ್ಳಿಗಾಡು, ಕಾಡು, ಮರುಭೂಮಿ, ಮೌಂಟ್ ಚಿಲಿಯಡ್ ಎಂಬ ದೊಡ್ಡ ಬೆಟ್ಟ, ಹೀಗೆ ಇಡೀ ಒಂದು ಸಂಸ್ಥಾನವೇ ಅದರೊಳಗಿದೆ. ಇದನ್ನು ಹೊತ್ತ ಯಂತ್ರದ ಮುಖ್ಯ ಸ್ಮರಣಶಕ್ತಿ ಕೇವಲ 32 ಮೆಗಾಬೈಟ್. ಚಿತ್ರಗಳಿಗೆಂದು ಮೀಸಲಾದದ್ದು ಬೇರೆ 4 ಮೆಗಾಬೈಟ್. ಇಂದು 4 ಗಿಗಾಬೈಟಿನ ಸಾಧಾರಣ ಫೋನಿಗೆ ಇದರ ನೂರು ಪಟ್ಟಿಗೂ ಮಿಕ್ಕ ಸ್ಮರಣಶಕ್ತಿಯಿದೆ.

ಹಾಗಿದ್ದರೆ ಅಷ್ಟು ದೊಡ್ಡ ನಾಡು ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅಡಗಿದ್ದಾದರೂ ಹೇಗೆ? ಹಿಂದಿನ ನಾಟಕ ಕಂಪನಿಗಳ ರಂಗವನ್ನು ನೆನೆದರೆ ಉತ್ತರ ಸುಲಭವಾಗುತ್ತದೆ. ಅರಮನೆಯ ದೃಶ್ಯದಲ್ಲಿ ಸಿಂಹಾಸನವೊಂದು ನಿಜ. ಹಿಂದಿನ ಕಂಬಸಾಲು ಪರದೆಯ ಮೇಲಿನ ಬಣ್ಣ. ಈ ಆಟವೂ ಅದೇ ಉಪಾಯವನ್ನು ಹಿಡಿಯಿತು. ಆಟಗಾರ ನಿಂತ ಸ್ಥಳದ ಸುತ್ತಣ ತುಣುಕನ್ನು ಮಾತ್ರ ಯಂತ್ರವು ಡಿವಿಡಿ ತಟ್ಟೆಯಿಂದ ಓದಿಕೊಂಡು ಪೂರ್ಣವಾಗಿ ಚಿತ್ರಿಸುತ್ತಿತ್ತು. ಅವನು ಮುಂದೆ ಸಾಗಿದಂತೆ ಹಿಂದಿನದನ್ನು ಮರೆತು ಮುಂದಿನದನ್ನು ಓದುತ್ತಿತ್ತು. ದೂರದ ಕಟ್ಟಡಗಳಿಗೆ ಒರಟಾದ ಅಚ್ಚುಗಳು ಸಾಕಾಗಿದ್ದವು. ಅದಕ್ಕೂ ಆಚೆಗೆ ಮಂಜು. ಒಂದೂರಿನಲ್ಲಿ ನಿಂತವನಿಗೆ ಇನ್ನೊಂದೂರು ಕಾಣುತ್ತಿರಲಿಲ್ಲವಾದ್ದರಿಂದ ನಡುವಣ ದಾರಿ ಬಹು ದೀರ್ಘವೆಂದು ತೋರುತ್ತಿತ್ತು. ಯಂತ್ರದ ಬಡತನವನ್ನು ಮುಚ್ಚಲು ಹೊದಿಸಿದ ಮಂಜು ಆಟದ ಸೊಬಗಾಗಿ ಪರಿಣಮಿಸಿತು.

2005ರ ಜೂನ್ ತಿಂಗಳಿನಲ್ಲಿ ಇದೇ ಆಟ ಕಂಪ್ಯೂಟರಿಗೆ ಬಂದಿತು. ಗೆರೆಗಳು ತೀಕ್ಷ್ಣವಾದವು, ನೋಟ ದೂರಕ್ಕೆ ಹರಿಯಿತು. ಆದರೆ ಮೊದಲ ಯಂತ್ರದಲ್ಲಿ ಸಂಜೆಯ ನಗರಕ್ಕೆ ಕವಿಯುತ್ತಿದ್ದ ಕಿತ್ತಳೆ ಬಣ್ಣದ ಬೇಗೆ ಇಲ್ಲಿ ಹಾಗೆಯೇ ಉಳಿಯಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಸೆಕೆಂಡಿಗೆ ಎಷ್ಟು ಚಿತ್ರಗಳು ತೆರೆಯ ಮೇಲೆ ಮೂಡಬೇಕೆಂಬುದಕ್ಕೆ ಆಟದಲ್ಲಿ ಒಂದು ಕಡಿವಾಣವಿತ್ತು. ಬಲವಾದ ಕಂಪ್ಯೂಟರುಳ್ಳವರು ಅದನ್ನು ಕಳಚಿದಾಗ ಚಲನೆಯೇನೋ ನುಣುಪಾಯಿತು. ಆದರೆ ನೀರಿಗಿಳಿದ ಕಥಾನಾಯಕ ಈಜಲಾರದೆ ತೊಳಲತೊಡಗಿದ. ಆಟದ ಒಳಗಣ ಕೆಲವು ಲೆಕ್ಕಗಳು ಚಿತ್ರಗಳ ಎಣಿಕೆಯನ್ನೇ ಗಡಿಯಾರವಾಗಿ ನಂಬಿದ್ದುದೇ ಇದಕ್ಕೆ ಕಾರಣ. ಬಲ ಹೆಚ್ಚಿದ ಮಾತ್ರಕ್ಕೆ ಎಲ್ಲವೂ ಹಸನಾಗುವುದಿಲ್ಲ ಎಂಬುದಕ್ಕೆ ಇದೊಂದು ಪಾಠ.

2013ರ ಡಿಸೆಂಬರಿನಲ್ಲಿ ಆಟ ಫೋನಿಗೂ ಇಳಿಯಿತು. ಒಂದು ಕಾಲಕ್ಕೆ ಟೆಲಿವಿಷನ್ನಿನ ಕೆಳಗೆ ಕುಳಿತಿದ್ದ ನಾಡು ಜೇಬಿನಲ್ಲಿ ಕುಳಿತದ್ದು ಸೋಜಿಗವೇ. ಆದರೆ ಗುಂಡಿಗಳಿಲ್ಲದ ಗಾಜಿನ ಮೇಲೆ ಹೆಬ್ಬೆರಳುಗಳೇ ಚಿತ್ರದ ಒಂದಂಶವನ್ನು ಮುಚ್ಚುತ್ತವೆ. ವಾಹನ ತಿರುಗಿಸುವವನಿಗೆ ಬೆರಳ ತುದಿಯ ಆಸರೆ ಸಿಗುವುದಿಲ್ಲ. ಮುಂದೆ ಈ ಫೋನಿನ ರೂಪವನ್ನೇ 2014ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೂ 2015ರಲ್ಲಿ ಪ್ಲೇಸ್ಟೇಷನ್ 3ಕ್ಕೂ ತಂದರು. ತಮ್ಮನಿಗೆ ಹೊಲಿಸಿದ ಅಂಗಿಯನ್ನು ಅಣ್ಣನಿಗೆ ತೊಡಿಸಿದಂತಾಯಿತು.

ಮೊದಲು ಹೇಳಿದ ವಿವಾದ ಎದ್ದದ್ದು 2021ರ ನವೆಂಬರಿನಲ್ಲಿ. ಈ ಆಟವನ್ನೂ ಇದರ ಹಿಂದಿನ ಎರಡು ಆಟಗಳನ್ನೂ ಹೊಸ ಯಂತ್ರಗಳಿಗಾಗಿ ನವೀಕರಿಸಿ, ಇದೇ ಅಧಿಕೃತ ರೂಪವೆಂಬ ಹೆಸರಿನಿಂದ ಮಾರಾಟಕ್ಕಿಟ್ಟರು. ಹೊಸ ಯಂತ್ರಗಳ ಬಲಕ್ಕೆ ಮರೆಮಾಚುವ ಅಗತ್ಯವಿರಲಿಲ್ಲ. ದೂರದ ಮಂಜನ್ನು ತೆಗೆದುಬಿಟ್ಟರು. ಚಿಲಿಯಡ್ ಬೆಟ್ಟದ ನೆತ್ತಿಯ ಮೇಲೆ ನಿಂತ ಹಳೆಯ ಆಟಗಾರರು ದಂಗಾದರು. ತಾವು ವರ್ಷಗಟ್ಟಲೆ ಅಲೆದ ಮಹಾಸಂಸ್ಥಾನ ಈ ಅಂಚಿನಿಂದ ಆ ಅಂಚಿನವರೆಗೆ, ಆಟಿಕೆಯ ಊರಿನಂತೆ, ಕಾಲಬುಡದಲ್ಲಿ ಬಿದ್ದಿತ್ತು. ಮಳೆಯಂತೂ ದಪ್ಪನೆಯ ಬಿಳಿಯ ಗೆರೆಗಳಾಗಿ ಸುರಿದು ಮುಂದಿನ ದಾರಿಯನ್ನೇ ಅಳಿಸಿತು. ಹಳೆಯ ಚಿತ್ರಗಳನ್ನು ಗಣಕದ ತಂತ್ರದಿಂದ ಹಿಗ್ಗಿಸಿದಾಗ ಅಂಗಡಿಗಳ ಫಲಕಗಳಲ್ಲಿ ಕಾಗುಣಿತ ಕೆಟ್ಟಿತು. ರಾಕ್‌ಸ್ಟಾರ್ ಸಂಸ್ಥೆ ಅದೇ ತಿಂಗಳು ಬಹಿರಂಗವಾಗಿ ಕ್ಷಮೆ ಕೇಳಿ, ಹಿಂತೆಗೆದುಕೊಂಡಿದ್ದ ಹಳೆಯ ರೂಪಗಳನ್ನು ಕಂಪ್ಯೂಟರಿನವರಿಗೆ ಮತ್ತೆ ಒದಗಿಸುವುದಾಗಿ ಪ್ರಕಟಿಸಿತು. ದೋಷಗಳು ಒಂದೊಂದಾಗಿ ತಿದ್ದಲ್ಪಟ್ಟವು. 2024ರ ನವೆಂಬರಿನಲ್ಲಿ, ಹಳೆಯ ಆಕಾಶದ ಬಣ್ಣವನ್ನೂ ಮಸುಕನ್ನೂ ಮರಳಿ ತರುವ ಏರ್ಪಾಡೊಂದು ಆ ಆಟಗಳಿಗೆ ಸೇರಿತು. ಬಡ ಯಂತ್ರ ಅನಿವಾರ್ಯವಾಗಿ ಮಾಡಿದ್ದನ್ನು ಸಿರಿವಂತ ಯಂತ್ರ ಇಪ್ಪತ್ತು ವರ್ಷಗಳ ಮೇಲೆ ಬೇಕೆಂದೇ ಮಾಡಬೇಕಾಯಿತು.

ಈ ಕಥೆಯಿಂದ, ಬೆಲೆಯುಳ್ಳ ಯಂತ್ರಗಳೆಲ್ಲ ವ್ಯರ್ಥವೆಂಬ ತೀರ್ಮಾನಕ್ಕೆ ಬಂದರೆ ಅದೂ ತಪ್ಪಾಗುತ್ತದೆ. ಒಬ್ಬನೇ ಕುಳಿತು ಕಥೆಯನ್ನು ಸವಿಯುವ ಆಟ ಒಂದು ಬಗೆ. ಎದುರಾಳಿಗಳೊಡನೆ ಸೆಣಸುವ ಆಟ ಇನ್ನೊಂದು ಬಗೆ. ಎರಡನೆಯ ಬಗೆಗೆ ಉದಾಹರಣೆ, ದಕ್ಷಿಣ ಕೊರಿಯದ ಕ್ರಾಫ್ಟನ್ ಸಂಸ್ಥೆ 2021ರ ಜುಲೈನಲ್ಲಿ ಭಾರತಕ್ಕೆಂದು ಹೊರತಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’. ಸರಕಾರದ ಆಜ್ಞೆಯಂತೆ 2022ರ ಜುಲೈನಲ್ಲಿ ಮರೆಯಾಗಿ 2023ರ ಮೇ ತಿಂಗಳಿನಲ್ಲಿ ಮರಳಿದ ಆಟವಿದು. ಇದರಲ್ಲಿ ನೂರು ಮಂದಿ ಒಂದೇ ರಣಾಂಗಣಕ್ಕೆ ಇಳಿಯುತ್ತಾರೆ. ಕಡೆಗೆ ಉಳಿದವರು ಗೆದ್ದಂತೆ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ; ಕಣ್ಣಿಗೆ ಅಷ್ಟು ಸಾಕು. ಆದರೆ ಸಿನಿಮಾ ನೋಡುವವನು ಬಂದೂಕಿನ ಗುರಿ ಹಿಡಿಯಬೇಕಾಗಿಲ್ಲ. ಆಟದಲ್ಲಿ ಸೆಕೆಂಡಿಗೆ 30 ಚಿತ್ರ ತೋರುವ ಫೋನಿನಲ್ಲಿ ಒಂದೊಂದು ಚಿತ್ರವೂ ಸೆಕೆಂಡಿನ ಸಾವಿರದಲ್ಲಿ 33 ಪಾಲು ಹೊತ್ತು ನಿಲ್ಲುತ್ತದೆ. 60 ಚಿತ್ರದ ಫೋನಿನಲ್ಲಿ ಸುಮಾರು 17 ಪಾಲು, 90ರದ್ದರಲ್ಲಿ 11 ಪಾಲು. ಮರದ ಮರೆಯಿಂದ ಹೊರಬಂದ ಎದುರಾಳಿ ಒಬ್ಬನಿಗೆ ಮೊದಲು ಕಾಣುತ್ತಾನೆ, ಇನ್ನೊಬ್ಬನಿಗೆ ಆಮೇಲೆ. ಗುಡ್ಡದ ಮರೆಯಲ್ಲಿ ಫೋನಿನ ಸಂಕೇತ ಕುಂದಿದರೆ ಆ ವಿಳಂಬವೂ ಇದಕ್ಕೆ ಕೂಡಿಕೊಳ್ಳುತ್ತದೆ.

ಆಲ್ದೂರಿನ ಸುತ್ತಿನ ಯಾವುದೋ ತೋಟದ ಲೈನು ಮನೆಯ ತರುಣನೂ ಅದೇ ತೋಟದ ಬಂಗಲೆಯ ತರುಣನೂ ಒಂದೇ ಸಂಜೆ ಇಂಥ ಕಣಕ್ಕೆ ಇಳಿದರೆಂದು ಭಾವಿಸೋಣ. ತೆರೆಯ ಮೇಲೆ ಇಬ್ಬರ ವೇಷವೂ ಒಂದೇ, ಆಯುಧವೂ ಒಂದೇ. ಒಬ್ಬನ ಕೈಯಲ್ಲಿರುವ ಯಂತ್ರ ಇನ್ನೊಬ್ಬನಿಗೆ ಕಾಣುವುದಿಲ್ಲ. ಸೋತವನು ತನ್ನ ಕೈ ಚುರುಕಿಲ್ಲವೆಂದು ಕುಗ್ಗುತ್ತಾನೆ. ಗೆದ್ದವನು ಎಲ್ಲವೂ ತನ್ನ ಕುಶಲತೆಯೆಂದು ಬೀಗುತ್ತಾನೆ. ಇಲ್ಲಿ ಮಂಜು ಕವಿದಿರುವುದು ನ್ಯಾಯದ ಮೇಲೆ. ಈ ಆಟದ ಮೂಲರೂಪದಲ್ಲಿ, ಕಂಪ್ಯೂಟರಿನ ಮೇಲೆ ಫೋನಿನ ಆಟವನ್ನಾಡುವವರನ್ನು ಬೇರೆ ಕಣಕ್ಕೆ ಕಳುಹಿಸುವ ಪದ್ಧತಿಯಿತ್ತು. ಯಂತ್ರಭೇದದಿಂದ ಅನ್ಯಾಯವಾಗುತ್ತದೆಂಬುದನ್ನು ತಯಾರಕರೇ ಬಲ್ಲರೆಂದಾಯಿತು. ಆದರೆ ಫೋನು ಫೋನುಗಳ ನಡುವೆ ಅಂಥ ಬೇಲಿಯಿಲ್ಲ.

ಇದನ್ನು ತಿದ್ದುವ ಕೆಲಸದಲ್ಲಿ ಕನ್ನಡ ನಾಡಿಗೂ ಪಾಲಿರಬಹುದು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಹೊರನಾಡಿನ ದೊಡ್ಡ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟ ಆ ಸಂಸ್ಥೆಯನ್ನು 2019ರಲ್ಲಿ ಅದೇ ರಾಕ್‌ಸ್ಟಾರ್ ಕೊಂಡುಕೊಂಡು ತನ್ನ ಬೆಂಗಳೂರಿನ ಶಾಖೆಯೊಡನೆ ಕೂಡಿಸಿಕೊಂಡಿತು. ರಾಜಧಾನಿಯ ಕೋಣೆಗಳಲ್ಲಿ ಅತ್ಯುತ್ತಮ ಯಂತ್ರಗಳ ಮುಂದೆ ಕುಳಿತು ಕೆಲಸಮಾಡುವ ತರುಣ ತರುಣಿಯರು, ತಮ್ಮ ಕೃತಿಯನ್ನು ಒಮ್ಮೆ ಮಲೆನಾಡಿನ ಹಳ್ಳಿಯ ಹಳೆಯ ಫೋನಿನಲ್ಲಿಯೂ ಓಡಿಸಿ ನೋಡುವುದು ಉಚಿತ.

ಅಲ್ಲಿಯವರೆಗೆ ಮನೆಯವರು ತಾವೇ ತೂಗಿ ನೋಡಬೇಕು. ಹೊಸ ಯಂತ್ರವನ್ನು ಬೇಡುವ ಮಗನನ್ನು, ಅವನಾಡುವುದು ಕಥೆಯ ಆಟವೋ ಸೆಣಸಿನ ಆಟವೋ ಎಂದು ಮೊದಲು ಕೇಳಬೇಕು. ಕಥೆಯದಾದರೆ ಇರುವ ಫೋನೇ ಬಹುಮಟ್ಟಿಗೆ ಸಾಕು. ಸೆಣಸಿನದಾದರೆ, ಚಿತ್ರದ ಅಂದವನ್ನು ಕನಿಷ್ಠಕ್ಕೆ ಇಳಿಸಿ ಚಿತ್ರಗಳ ಎಣಿಕೆಯನ್ನು ಏರಿಸುವ ಸೌಕರ್ಯ ಆಟದ ಒಳಗೇ ಇದೆ. ಅದಕ್ಕೆ ಕಾಸು ಬೇಕಾಗಿಲ್ಲ. ಅಂಗಡಿಯಲ್ಲಿ ಹೊಸ ಫೋನನ್ನು ಐದು ನಿಮಿಷ ನೋಡಿ ಮರುಳಾಗಬಾರದು. ಅರ್ಧ ತಾಸು ಆಡಿದ ಮೇಲೆ ಯಂತ್ರ ಕಾಯುತ್ತದೆ, ಕಾದ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದರ ನಿಜವಾದ ಯೋಗ್ಯತೆ ಆಗ ತಿಳಿಯುತ್ತದೆ. ಎಣಿಕೆಗಿಂತಲೂ ಸಮತೆ ಮುಖ್ಯ. ಘಟ್ಟದ ದಾರಿಯಲ್ಲಿ ಒಮ್ಮೆ ಧಾವಿಸಿ ಒಮ್ಮೆ ಮುಗ್ಗರಿಸುವ ಬಸ್ಸಿಗಿಂತ ಎರಡನೆಯ ಗೇರಿನಲ್ಲಿ ಒಂದೇ ಸಮನೆ ಏರುವ ಬಸ್ಸು ಪ್ರಯಾಣಿಕನಿಗೆ ಹಿತ. 30 ಚಿತ್ರಗಳನ್ನು ತಪ್ಪದೆ ಕೊಡುವ ಯಂತ್ರವೂ ಹಾಗೆಯೇ, 60ಕ್ಕೂ 25ಕ್ಕೂ ನಡುವೆ ಓಲಾಡುವ ಯಂತ್ರಕ್ಕಿಂತ ಮೇಲು.

ಇಷ್ಟೆಲ್ಲ ನೋಡಿದ ಮೇಲೂ ಹಣವಿಲ್ಲದ ಮನೆಯಲ್ಲಿ ಹಳೆಯ ಫೋನೇ ಉಳಿಯಬಹುದು. ಉಳಿಯಲಿ. ಆದರೆ ಆ ಮನೆಯ ತರುಣನಿಗೆ ಒಂದು ಮಾತನ್ನು ಹಿರಿಯರು ಹೇಳಬೇಕು: ಸೋಲಿನಲ್ಲಿ ಯಂತ್ರದ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಲೆಕ್ಕ ಬಿಡಿಸದೆ ಯಾವ ಸೋಲನ್ನೂ ತನ್ನ ಹೆಸರಿಗೆ ಬರೆದುಕೊಳ್ಳಬಾರದು. ಬಂಗಲೆಯ ತರುಣನೂ ತನ್ನ ಗೆಲುವಿಗೆ ಇದೇ ಲೆಕ್ಕವನ್ನು ಹಾಕಿದರೆ ಇಬ್ಬರ ನಡುವೆ ಸ್ನೇಹಕ್ಕೆ ಕೊರತೆಯಿರದು.