ಗುರ್ ಅನ್ನೋ ನಾಯಿಗೆ ಬಡಿಗಿ ಬ್ಯಾಡ

ಇವತ್ತು ಬೆಳಿ ಬಗ್ಗೆ ಅಲ್ಲ, ಬೆಳಿ ಕಾಯೋ ನಾಯಿ ಬಗ್ಗೆ ಬರಿತೀನಿ.

ಕಲಬುರಗಿಯ ಐವಾನ್-ಎ-ಶಾಹಿ ಕಡೆ ಮನಿ ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಅಂತ ಬೋರ್ಡಾದ್ರೂ ಇರ್ತದ. ನಮ್ಮ ಕಮಲಾಪುರದ ಕೆಂಪು ಬಾಳಿ ತೋಟಕ್ಕ ಗೇಟೂ ಇಲ್ಲ, ಬೋರ್ಡೂ ಇಲ್ಲ. ಗೊನಿ ಕಡಿಯೋ ಆಳು, ಲೈನ್‌ಮನ್, ಆಶಾ ಕಾರ್ಯಕರ್ತೆ ಸೀದಾ ಒಳಗ ಬರ್ತಾರ. ಅವರಿಗೆ ನಾಯಿ ಕಡಿದ್ರ ‘ನೋಡ್ಕೊಂಡು ಬರಬೇಕಿತ್ತು’ ಅನ್ನೋ ಮಾಲಕರು ಭಾಳ ಮಂದಿ. ನಾನು ಒಪ್ಪಂಗಿಲ್ಲ. 2025ರಾಗ ಸುಪ್ರೀಂ ಕೋರ್ಟ್ ಬೀದಿ ನಾಯಿ ಬಗ್ಗೆ ಆದೇಶ ಕೊಟ್ಟಾಗ ಕಟ್ಟಿ ಮ್ಯಾಗ ಎಲ್ಲರೂ ಜಡ್ಜ್ ಆಗಿದ್ದರು. ಸಾಕಿದ ನಾಯಿ ಮಾತು ಯಾರೂ ಎತ್ತಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿ ಬಗ್ಗೆ ನಿಷ್ಕಾಳಜಿ ಮಾಡಿದ್ರ ಆರು ತಿಂಗಳ ತನಕ ಜೈಲು, ಇಲ್ಲಾ 5,000 ರೂಪಾಯಿ ತನಕ ದಂಡ, ಎರಡೂ ಬೀಳಬಹುದು.

ನಾಯಿ ಹೆಚ್ಚಾಗಿ ಅಂಜಿಕಿಗೆ ಕಡಿತದ. ಹಗಲೆಲ್ಲ ದಾರಿ ಬಾಜೂಕ ಮೊಳದುದ್ದ ಸರಪಳಿಗೆ ಕಟ್ಟಿದ್ರ ಅದಕ್ಕ ಓಡಿ ಹೋಗ್ಲಿಕ್ಕ ದಾರಿ ಇಲ್ಲ, ಉಳಿದದ್ದು ಹಲ್ಲೊಂದೇ. ಗುರ್ ಅನ್ನೋದು ಅದರ ಎಚ್ಚರಿಕೆ ಬೋರ್ಡು. ಹಂಗಂದಾಗೆಲ್ಲ ಬಡಿಗಿ ಬಿದ್ರ ಗುರ್ ಅನ್ನೋದು ಬಿಡ್ತದ, ಅಂಜಿಕಿ ಬಿಡಂಗಿಲ್ಲ. ಆಮ್ಯಾಗ ಸಪ್ಪಳಿಲ್ಲದ ಕಡಿತದ. ಇಂಥ ನಾಯಿನೇ ಭಾಳ ಕೆಟ್ಟದ್ದು.

ದಾರಿಯಿಂದ ದೂರ, ನೆರಳಾಗ, ಉದ್ದ ಹಗ್ಗದಾಗ ಕಟ್ರಿ. ಹೊಸಬರು ಕಂಡರೂ ನಾಯಿ ಇನ್ನೂ ಬೊಗಳದಷ್ಟು ದೂರದಾಗ ನಿಂದ್ರಲಿ. ಕಣ್ಣಾಗ ಕಣ್ಣಿಟ್ಟು ನೋಡಬಾರದು, ಮೈ ಓರೆ ಮಾಡಿ ನಿಂದ್ರಬೇಕು. ಆಗ ನೀವು ರೊಟ್ಟಿ ಚೂರು ಒಗಿರಿ. ಹೊಸಬರು ಹೋದಕೂಡ್ಲೇ ರೊಟ್ಟಿ ಬಂದ್. ದಿನಾ ನಾಕಾರು ಸಲ, ಒಂದೊಂದೇ ಹೆಜ್ಜಿ ಹತ್ತಿರ. ಬೊಗಳಿತಂದ್ರ ಅವಸರ ಆಗ್ಯದ ಅಂತ ತಿಳ್ಕೊಂಡು ಹಿಂದ ಸರೀರಿ. ವಾರಗಟ್ಟಲೆ ಹಿಡಿತದ. ಎಡಿ ಹೊಡೆಯೋವಾಗ ಎತ್ತಿಗೆ ಬಾಯಿಕುಕ್ಕೆ ಹಾಕ್ತೀವಲ್ಲ, ಅಲ್ಲಿ ತನಕ ನಾಯಿಗೂ ಜಾಲಿ ಕುಕ್ಕೆ ಇರಲಿ. ತೇಕಲಿಕ್ಕ, ನೀರು ಕುಡಿಲಿಕ್ಕ ಬರೋಹಂಗ ಸಡಿಲ ಇರಬೇಕು. ಮರಿ ಇದ್ರ ಮೂರು ತಿಂಗಳಾಗೋದ್ರೊಳಗ ನಾಕು ಮಂದಿ ಕೈಯಾಗ ಆಡಲಿ, ಇಷ್ಟೆಲ್ಲಾ ತ್ರಾಸು ಬರಂಗಿಲ್ಲ.

ಸುಮ್ಮನಿದ್ದ ನಾಯಿ ಒಮ್ಮಿಗೇ ಕಡಿಲಿಕ್ಕ ಹತ್ತಿದ್ರ ರೊಟ್ಟಿ ಪಾಠ ಬ್ಯಾಡ. ಕಿವಿ ಹುಣ್ಣು, ಸೊಂಟ ನೋವು ಇರಬಹುದು, ರೇಬಿಸ್ಸೂ ಇರಬಹುದು. ಕೈ ಹಚ್ಚದೆ ಪಶು ಡಾಕ್ಟರಿಗೆ ಹೇಳ್ರಿ. ಕಡಿಸಿಕೊಂಡವರ ಗಾಯ ಸಾಬೂನು ಹಚ್ಚಿ 15 ನಿಮಿಷ ಹರಿಯೋ ನೀರಾಗ ತೊಳೀರಿ. ಅರಿಶಿಣ, ಖಾರಪುಡಿ, ಸುಣ್ಣ ಏನೂ ಮೆತ್ತಬ್ಯಾಡ್ರಿ. ಅವತ್ತೇ ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋಗ್ರಿ, ಡಾಕ್ಟರು ಹೇಳಿದ ಎಲ್ಲಾ ಸೂಜಿ ಮುಗಿಸ್ರಿ. ರೇಬಿಸ್ ಲಕ್ಷಣ ಕಂಡಮ್ಯಾಗ ಉಳಿಯೋದು ಇಲ್ಲ ಅಂದಂಗೇ.

ಮುಂದಿನ ಗೊನಿ ಕಟಾವಿಗೆ ಆಳು ಕರಿಯೋ ಮುಂಚೆ ನಿಮ್ಮ ನಾಯಿ ಎಲ್ಲಿ ಕಟ್ಟೀರಿ, ಒಂದ್ಸಲ ನೋಡಿ ಬರ್ರಿ.