ಜಗಳೂರಿನ ಬಯಲು, ಚನ್ನಗಿರಿಯ ತೋಟ ಮತ್ತು ಡ್ರೋನ್

ವಿಮಾನ ಉದ್ಯಮ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಬೆಂಗಳೂರು. ಹಿಂದೂಸ್ತಾನ್ ವಿಮಾನ ಕಾರ್ಖಾನೆ 1940ರಲ್ಲಿ ಆರಂಭವಾದದ್ದು ಅಲ್ಲಿ. ಮುಂದೆ ಬಂದ ಪ್ರಯೋಗಾಲಯಗಳೂ ಅದರ ಸುತ್ತಲೇ ಬೆಳೆದವು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಆ ಉದ್ಯಮದ ಜೊತೆ ಸೇರಿಸಿ ಹೇಳಿದವರಿಲ್ಲ. ಅಡಿಕೆ, ಭತ್ತ, ಮೆಕ್ಕೆಜೋಳ ಮತ್ತು ಆಗಾಗ ಬರುವ ಬರ, ಇವೇ ಈ ಸೀಮೆಯ ಗುರುತು. ಆದರೆ ಪೈಲಟ್ ಒಳಗೆ ಕೂರದೆ ಹಾರುವ ಡ್ರೋನ್‌ಗೆ ಬೇಕಾದ ಮೂರು ಸಂಗತಿಗಳು ಇಂದಿನ ಬೆಂಗಳೂರಿಗಿಂತ ಇಲ್ಲಿ ಸುಲಭವಾಗಿ ಸಿಗುತ್ತವೆ. ಬಿಡುವಾದ ಆಕಾಶ, ಬಿದ್ದರೂ ಯಾರ ತಲೆಗೂ ಬಡಿಯದ ಬಯಲು ಮತ್ತು ಮಾಡಲು ಕೈತುಂಬ ಕೆಲಸ.

ಆಕಾಶಕ್ಕೂ ಮೂರು ಬಣ್ಣ

ನಮ್ಮ ದೇಶದಲ್ಲಿ ಡ್ರೋನ್ ಹಾರಾಟಕ್ಕೆ ಈಗಿರುವ ಆಧಾರ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು. ಇವು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ ನೆಲದಿಂದ 400 ಅಡಿ ಎತ್ತರದವರೆಗೆ ಹಾರಿಸಲು ಮುಂಚಿತ ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ರಿಂದ 12 ಕಿಲೋಮೀಟರ್ ಒಳಗಾದರೆ ಈ ಮಿತಿ 200 ಅಡಿಗೆ ಇಳಿಯುತ್ತದೆ. ಇನ್ನೂ ಹತ್ತಿರವಾದರೆ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿಯೇ ಆಗಬೇಕು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಪಟ್ಟಣಗಳಿಗೆ ಹತ್ತಿರದ ವಿಮಾನ ನಿಲ್ದಾಣವೆಂದರೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣ. ನಾಲ್ಕೂ ಪಟ್ಟಣಗಳು ಆ 12 ಕಿಲೋಮೀಟರ್ ವರ್ತುಲದ ಆಚೆಗಿವೆ. ಹಾಗೆಂದು ಎಲ್ಲೆಂದರಲ್ಲಿ ಹಾರಿಸಬಹುದೆಂದು ತಿಳಿಯಬಾರದು. ಜಗಳೂರು ತಾಲ್ಲೂಕಿನಲ್ಲೇ ಕೊಂಡುಕುರಿಗಳಿಗೆಂದು ಮೀಸಲಾದ ರಂಗಯ್ಯನದುರ್ಗ ವನ್ಯಧಾಮವಿದೆ. ಸರ್ಕಾರವು ಯಾವುದೇ ಪ್ರದೇಶವನ್ನು ತಾತ್ಕಾಲಿಕವಾಗಿ ಕೆಂಪು ವಲಯವೆಂದು ಸಾರಬಹುದು. ಆದ್ದರಿಂದ ಪ್ರತಿ ಹಾರಾಟಕ್ಕೂ ಮೊದಲು ‘ಡಿಜಿಟಲ್ ಸ್ಕೈ’ ನಕ್ಷೆಯನ್ನು ನೋಡಲೇಬೇಕು.

ಅದೇ ನಿಯಮಗಳಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ, ಮಾನ್ಯತೆ ಪಡೆದ ನವೋದ್ಯಮ ಅಥವಾ ಜಿಎಸ್‌ಟಿ ನೋಂದಣಿಯುಳ್ಳ ಡ್ರೋನ್ ತಯಾರಕರು ಸಂಶೋಧನೆಗಾಗಿ ಹಾರಿಸುವುದಾದರೆ ಮಾದರಿ ಪ್ರಮಾಣಪತ್ರವೂ ಬೇಡ, ನೋಂದಣಿ ಸಂಖ್ಯೆಯೂ ಬೇಡ, ಪೈಲಟ್ ಪ್ರಮಾಣಪತ್ರವೂ ಬೇಡ. ಆದರೆ ಹಾರಾಟ ಹಸಿರು ವಲಯದಲ್ಲಿರಬೇಕು. ತಮ್ಮ ಆವರಣದಲ್ಲಿ ಅಥವಾ ತಮ್ಮ ಹತೋಟಿಯಲ್ಲಿರುವ ತೆರೆದ ಜಾಗದಲ್ಲಿ ನಡೆಯಬೇಕು. ಬೆಂಗಳೂರಿನಲ್ಲಿ ಅಂಥ ಜಾಗಕ್ಕೆ ಕೋಟಿ ರೂಪಾಯಿಯ ಮಾತು. ಜಗಳೂರಿನಲ್ಲಿ ಸುಗ್ಗಿ ಮುಗಿದ ಮೇಲೆ ಬೀಳುಬಿಟ್ಟ ಹೊಲವನ್ನು ರೈತನಿಂದ ಗುತ್ತಿಗೆಗೆ ಪಡೆದರೆ ಸಾಕು.

ನೆರೆಮನೆಯ ಪಾಠ

ಬಯಲುಸೀಮೆಯ ಆಕಾಶಕ್ಕೆ ಬೆಲೆ ಇದೆ ಎಂಬುದನ್ನು ನೆರೆಯ ಚಿತ್ರದುರ್ಗ ಜಿಲ್ಲೆ ಈಗಾಗಲೇ ತೋರಿಸಿಕೊಟ್ಟಿದೆ. ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. ರುಸ್ತುಂ-2, ಅಂದರೆ ಮುಂದೆ ತಪಸ್ ಎಂದು ಹೆಸರಾದ ಮಾನವರಹಿತ ವಿಮಾನ, 2016ರ ನವೆಂಬರ್‌ನಲ್ಲಿ ಮೊದಲು ಹಾರಿದ್ದು ಇಲ್ಲಿ. ರೆಕ್ಕೆಯೇ ಮೈಯಾಗಿರುವ ಸ್ವಯಂಚಾಲಿತ ವಿಮಾನವನ್ನು 2022ರಲ್ಲಿ ಇಲ್ಲೇ ಹಾರಿಸಲಾಯಿತು. ಇಸ್ರೋದ ಮರುಬಳಕೆಯ ರಾಕೆಟ್ ವಾಹನ 2023 ಮತ್ತು 2024ರಲ್ಲಿ ಮೂರು ಬಾರಿ ತಾನಾಗಿಯೇ ಇಳಿದದ್ದೂ ಇದೇ ಓಡುದಾರಿಯ ಮೇಲೆ.

ಪರೀಕ್ಷೆ ಎಂದ ಮೇಲೆ ಬೀಳುವುದೂ ಉಂಟು. 2019ರ ಸೆಪ್ಟೆಂಬರ್‌ನಲ್ಲಿ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ತಪಸ್ ಹೊಲಕ್ಕೆ ಬಿತ್ತು. ಪ್ರಾಣಹಾನಿ ಆಗಲಿಲ್ಲ. ಊರಿನ ಮೇಲೆ ಬಿದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಪರೀಕ್ಷೆಗೆ ವಿಶಾಲವಾದ ಬಯಲು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಆದರೆ ಚಳ್ಳಕೆರೆಯ ಕಥೆಗೆ ಇನ್ನೊಂದು ಮುಖವಿದೆ. ಇಂಥ ಸಂಸ್ಥೆಗಳಿಗೆ ಕೊಟ್ಟ ಸಾವಿರಾರು ಎಕರೆ ಅಮೃತಮಹಲ್ ಕಾವಲು ಸುತ್ತಲಿನ ಹಳ್ಳಿಗಳ ದನ, ಕುರಿಗಳಿಗೆ ಹುಲ್ಲುಗಾವಲಾಗಿತ್ತು. ಬೇಲಿ ಎದ್ದಾಗ ಕುರಿಗಾಹಿಗಳು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ‘ಖಾಲಿ ಜಾಗ’ ಎಂದು ಕಾಗದದ ಮೇಲೆ ಕಾಣುವ ನೆಲ ಯಾರದೋ ಹೊಟ್ಟೆಪಾಡು ಆಗಿರುತ್ತದೆ. ಸಣ್ಣ ಡ್ರೋನ್‌ನ ಅನುಕೂಲವೆಂದರೆ ಅದಕ್ಕೆ ಓಡುದಾರಿ ಬೇಡ, ಬೇಲಿಯೂ ಬೇಡ. ಬೆಳಿಗ್ಗೆ ಎರಡು ಗಂಟೆ ಹಾರಿಸಿದ ಹೊಲದಲ್ಲಿ ಮಧ್ಯಾಹ್ನ ಕುರಿ ಮೇಯಬಹುದು.

ಕೆಲಸ ಎಲ್ಲಿದೆ?

ಪರೀಕ್ಷೆಗೆ ಜಾಗವಿದ್ದರಷ್ಟೇ ಉದ್ಯಮ ನಿಲ್ಲದು, ಕೊಳ್ಳುವವರು ಬೇಕು. ಈ ನಾಲ್ಕು ತಾಲ್ಲೂಕುಗಳ ನಿಜವಾದ ಬಲ ಇಲ್ಲಿದೆ. ನಾಲ್ಕು ಬಗೆಯ ಬೇಸಾಯ ಒಂದೇ ಜಿಲ್ಲೆಯಲ್ಲಿ ಸಿಗುತ್ತದೆ.

ಮೆಕ್ಕೆಜೋಳವನ್ನೇ ನೋಡಿ. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಈ ಹುಳು ಗಿಡದ ಸುಳಿಯೊಳಗೆ ಅಡಗುತ್ತದೆ. ಆಳೆತ್ತರ ಬೆಳೆದ ಜೋಳದ ನಡುವೆ ಬೆನ್ನಿಗೆ ಪಂಪು ಹೊತ್ತು ನುಗ್ಗುವವನಿಗೆ ಔಷಧಿ ಸುಳಿಗಿಂತ ಹೆಚ್ಚಾಗಿ ಮೈಮೇಲೆ ಬೀಳುತ್ತದೆ. ಮೇಲಿನಿಂದ ಸುಳಿಗೇ ಇಳಿಸುವ ಡ್ರೋನ್ ಇಲ್ಲಿ ಕೇವಲ ವೇಗದ ಯಂತ್ರವಲ್ಲ, ಕೂಲಿಕಾರನ ಆರೋಗ್ಯದ ಪ್ರಶ್ನೆಯೂ ಹೌದು. ಹೊನ್ನಾಳಿಯ ಭತ್ತದ ಗದ್ದೆಗೂ ಇದು ಹೊಸ ವಿಚಾರವೇನಲ್ಲ. ಜಪಾನಿನ ಯಮಹಾ ಕಂಪನಿ 1987ರಲ್ಲೇ ಗದ್ದೆಗೆ ಔಷಧಿ ಸಿಂಪಡಿಸುವ ಮಾನವರಹಿತ ಹೆಲಿಕಾಪ್ಟರನ್ನು ಹೊರತಂದಿತ್ತು. ಹಳ್ಳಿಯ ಯುವಕರು ಪಟ್ಟಣ ಸೇರಿ, ಮುದುಕರಷ್ಟೇ ಗದ್ದೆಯಲ್ಲಿ ಉಳಿದದ್ದು ಅಲ್ಲಿಯೂ ಆ ಯಂತ್ರಕ್ಕೆ ಬೇಡಿಕೆ ತಂದಿತು.

ಚನ್ನಗಿರಿಯ ಅಡಿಕೆ ತೋಟದ ಸಮಸ್ಯೆ ಬೇರೆ. ಮರ ಹತ್ತುವವರು ಸಿಗುತ್ತಿಲ್ಲ. ಆದರೆ ಗೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಸುರಿದ ದ್ರಾವಣ ಸೋಗೆಯ ಮೇಲೇ ನಿಲ್ಲುತ್ತದೆ. ಕೊಡೆಯ ಕೆಳಗಿರುವವನನ್ನು ಮೇಲಿನಿಂದ ನೆನೆಸುವುದು ಹೇಗೆ? ಇದನ್ನು ಬಿಡಿಸುವ ಯಂತ್ರ ಬೆಂಗಳೂರಿನ ಕೊಠಡಿಯಲ್ಲಿ ಹುಟ್ಟುವುದಕ್ಕಿಂತ ಚನ್ನಗಿರಿಯ ತೋಟದಲ್ಲಿ ಹುಟ್ಟುವ ಸಾಧ್ಯತೆಯೇ ಹೆಚ್ಚು.

ಬೇಸಾಯದ ಹೊರಗೂ ಕೆಲಸವಿದೆ. ಸೂಳೆಕೆರೆಯಂಥ ದೊಡ್ಡ ಕೆರೆಯ ಅಂಗಳದ ಅಳತೆ, ತುಂಗಭದ್ರೆಯ ನೆರೆಯ ಸಮೀಕ್ಷೆ, ಗಾಳಿಯಂತ್ರಗಳ ರೆಕ್ಕೆಯ ತಪಾಸಣೆ ಇವೆಲ್ಲ ಡ್ರೋನ್‌ಗೆ ಒಗ್ಗುವಂಥವು. ಹಳ್ಳಿಯ ಮನೆ ನಿವೇಶನಗಳನ್ನು ಅಳೆಯುವ ‘ಸ್ವಾಮಿತ್ವ’ ಯೋಜನೆ 2020ರಲ್ಲಿ ಆರಂಭವಾದಾಗ ಕರ್ನಾಟಕವೂ ಮೊದಲ ರಾಜ್ಯಗಳಲ್ಲಿ ಒಂದಾಗಿತ್ತು. ಕಣ್ಣಿಗೆ ಕಾಣದಷ್ಟು ದೂರಕ್ಕೆ ಔಷಧಿ ಒಯ್ಯುವ ಪ್ರಯೋಗ 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ನಡೆಯಿತು. ಆಫ್ರಿಕದ ಪುಟ್ಟ ದೇಶ ರುವಾಂಡ 2016ರಿಂದಲೇ ಆಸ್ಪತ್ರೆಗಳಿಗೆ ರಕ್ತವನ್ನು ಹೀಗೆ ಕಳಿಸುತ್ತಿದೆ. ದಾರಿ ದುರ್ಗಮವಾಗಿದ್ದ ಬೆಟ್ಟದ ದೇಶವೇ ಮುಂದೆ ಹೋಯಿತೆಂಬುದು ಗಮನಾರ್ಹ.

ಪೋಷಕರಿಗೆ ಎರಡು ಮಾತು

ಡ್ರೋನ್ ಪೈಲಟ್ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಧಿಕೃತಗೊಳಿಸಿದ ಶಾಲೆಯಲ್ಲಿಯೇ ತರಬೇತಿ ಪಡೆದಿರಬೇಕು. ಪ್ರಮಾಣಪತ್ರ 10 ವರ್ಷ ಊರ್ಜಿತ. ಶುಲ್ಕ ಕಟ್ಟುವ ಮುನ್ನ ಶಾಲೆಯ ಹೆಸರು ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಪೋಷಕರ ಕರ್ತವ್ಯ. ಒಂದು ವಾರದ ತರಬೇತಿಗೆ ಖಾತರಿ ನೌಕರಿ ಎಂದು ಹೇಳುವವರನ್ನು ನಂಬಬಾರದು.

ಹಾರಿಸುವುದು ಈ ವೃತ್ತಿಯ ಒಂದು ತುಂಡು ಮಾತ್ರ. ಸಿಂಪಡಣೆಯ ಹಂಗಾಮು ವರ್ಷದಲ್ಲಿ ಕೆಲವೇ ತಿಂಗಳು. ಆಷಾಢದ ಗಾಳಿ ಬೀಸುವಾಗ ಸಿಂಪಡಿಸಿದರೆ ಔಷಧಿ ಪಕ್ಕದವರ ಹಿಪ್ಪುನೇರಳೆ ತೋಟಕ್ಕೋ ಜೇನುಗೂಡಿಗೋ ಹೋಗುತ್ತದೆ. ಬ್ಯಾಟರಿ ಸವೆಯುತ್ತದೆ, ಅದರ ಬೆಲೆಯೂ ಹೆಚ್ಚು. ಸಾಲ ಮಾಡಿ ಯಂತ್ರ ಕೊಳ್ಳುವವರು ವರ್ಷಕ್ಕೆ ಎಷ್ಟು ಎಕರೆ ಕೆಲಸ ಸಿಗುತ್ತದೆಂದು ಮೊದಲು ಲೆಕ್ಕ ಹಾಕಬೇಕು. 2023ರಲ್ಲಿ ಘೋಷಣೆಯಾದ ‘ನಮೋ ಡ್ರೋನ್ ದೀದಿ’ ಯೋಜನೆ ಮಹಿಳಾ ಸ್ವಸಹಾಯ ಸಂಘಗಳಿಗೆ ಯಂತ್ರದ ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು ನೀಡುವಂತೆ ರೂಪಿತವಾಗಿದೆ. ಒಬ್ಬನೇ ಕೊಳ್ಳುವುದಕ್ಕಿಂತ ಸಂಘವಾಗಿ ಕೊಳ್ಳುವುದು ಲೇಸು ಎಂಬುದಕ್ಕೆ ಇದೂ ಒಂದು ದಾರಿ.

ಬಾಳಿಕೆ ಬರುವ ಕೆಲಸ ನೆಲದ ಮೇಲಿದೆ. ಮೋಟಾರು ಸರಿಪಡಿಸುವವರು, ಬ್ಯಾಟರಿ ಬಲ್ಲವರು, ಚಿತ್ರದಿಂದ ನಕ್ಷೆ ತೆಗೆಯುವವರು, ಎಲೆಯ ಬಣ್ಣದಿಂದ ರೋಗ ಗುರುತಿಸುವವರು ಬೇಕು. ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದ್ದರಿಂದ ತಯಾರಿಕೆ, ದುರಸ್ತಿ ಎರಡೂ ದೇಶದೊಳಗೇ ಆಗಬೇಕಿದೆ. ಐಟಿಐ, ಡಿಪ್ಲೊಮಾ ಓದುವವರಿಗೆ ಇಲ್ಲಿ ಜಾಗವಿದೆ. ದಾವಣಗೆರೆಯಲ್ಲಿ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ, ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಇವೆರಡರ ಆಸುಪಾಸಿನಲ್ಲಿ ಈ ತಾಲ್ಲೂಕುಗಳ ಹೊಲಗಳಿವೆ.

ಬಯಲನ್ನು ಬಾಡಿಗೆಗೆ ಕೊಟ್ಟು ಬೇರೆಯವರ ಯಂತ್ರ ಹಾರುವುದನ್ನು ನಿಂತು ನೋಡುವುದು ಸುಲಭ. ಹಾರಿದ ಯಂತ್ರ ಬಿದ್ದಾಗ ಅದನ್ನು ಬಿಚ್ಚಿ, ಏಕೆ ಬಿತ್ತೆಂದು ಹೇಳಬಲ್ಲ ಹುಡುಗ, ಹುಡುಗಿಯರು ಅದೇ ಊರಿನಲ್ಲಿ ಇದ್ದರೆ ಮಾತ್ರ ಅದು ಊರಿನ ಉದ್ಯಮ ಆಗುತ್ತದೆ.