ಬೇಸಿಗೆ ರಜೆ: ಊಟಿಗೆ ಹೋಗೋರ ಟೈಮ್ ಟೇಬಲ್ ಈಗ ಕಾಡಿನ ಗೇಟ್ ಕೈಲಿ

ಗುಂಡ್ಲುಪೇಟೆ: ಶಾಲೆಗಳಿಗೆ ರಜೆ ಬಿಟ್ಟ ಮೊದಲ ಶನಿವಾರದಿಂದಲೇ ಮೈಸೂರು ಕಡೆಯಿಂದ ಕಾರುಗಳ ಸಾಲು ಶುರುವಾಗುತ್ತೆ. ಮುಂದಿನ ಸೀಟಿನಲ್ಲಿ ತಾತ, ಹಿಂದೆ ಮಕ್ಕಳು ಮರಿ, ಡಿಕ್ಕಿ ತುಂಬಾ ಬ್ಯಾಗು. ಊರು ದಾಟಿದ ಮೇಲೆ ದಾರಿ ಎರಡಾಗುತ್ತೆ. ರಾಷ್ಟ್ರೀಯ ಹೆದ್ದಾರಿ 181 ಬಂಡೀಪುರದ ಮೇಲೆ ಗೂಡಲೂರು, ಊಟಿಗೆ. 766 ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿ, ವಯನಾಡಿಗೆ. ಎರಡು ರಾಜ್ಯದ ಬೆಟ್ಟಕ್ಕೆ ಹೋಗೋರೂ ಈ ಒಂದೇ ಊರಲ್ಲಿ ಹಾದು ಹೋಗಬೇಕು.

ಆದರೆ ಕೆಲವು ವರ್ಷಗಳಿಂದ ಈ ಪ್ರವಾಸದ ಲೆಕ್ಕವೇ ಬದಲಾಗಿದೆ. ಮೊದಲು ಬೆಂಗಳೂರಿನವರು ಎಷ್ಟು ಕಿಲೋಮೀಟರ್, ಎಷ್ಟು ಲೀಟರ್ ಪೆಟ್ರೋಲ್ ಅಂತ ನೋಡಿ ಹೊರಡುತ್ತಿದ್ದರು. ಈಗ ಕಾಡಿನ ಗೇಟು ಎಷ್ಟೊತ್ತಿಗೆ ಮುಚ್ಚುತ್ತೆ, ನೀಲಗಿರಿಯ ಇ-ಪಾಸ್ ಆ ದಿನಕ್ಕೆ ಸಿಗುತ್ತಾ ಅನ್ನೋದು ಮೊದಲ ಪ್ರಶ್ನೆ. ಈ ಎರಡನ್ನು ತಿಳಿಯದೆ ಹೊರಟ ಕುಟುಂಬ ಅರ್ಧ ರಜೆಯನ್ನು ರಸ್ತೆಯಲ್ಲೇ ಕಳೆಯುತ್ತೆ. ತಾಲೂಕಿನ ಅಂಗಡಿ, ಹೋಟೆಲ್, ಲಾಡ್ಜುಗಳ ವ್ಯಾಪಾರವೂ ಈಗ ಇದೇ ಗಡಿಯಾರಕ್ಕೆ ಕಟ್ಟು ಬಿದ್ದಿದೆ. ಇದನ್ನು ಇಲ್ಲಿನ ಬೀದಿ ಇನ್ನೂ ಪೂರ್ತಿ ಲೆಕ್ಕಕ್ಕೆ ತಗೊಂಡ ಹಾಗೆ ಕಾಣಲ್ಲ.

ರಾತ್ರಿ 9, ಬೆಳಿಗ್ಗೆ 6

ಬಂಡೀಪುರದ ರಾತ್ರಿ ಸಂಚಾರ ನಿಷೇಧ ಇಲ್ಲಿನವರಿಗೆ ಹಳೇ ಸುದ್ದಿ. 2009ರಲ್ಲಿ ಜಾರಿಗೆ ಬಂತು, 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಚುನಾವಣೆ ಬಂದಾಗಲೆಲ್ಲ ತೆರವಿನ ಮಾತು ಏಳುತ್ತೆ, ಅಡಗುತ್ತೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ ಬಿಟ್ಟರೆ ಬೇರೆ ಗಾಡಿಗೆ ಪ್ರವೇಶ ಇಲ್ಲ. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ, ವಯನಾಡು ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್ ಬಳಿ ಗಾಡಿ ನಿಲ್ಲಲೇಬೇಕು.

ಊರಿನವರಿಗೆ ಗೊತ್ತಿರುವ ಈ ಸಂಗತಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಕೂತು ಪ್ಲಾನ್ ಮಾಡೋರಿಗೆ ಎಷ್ಟೋ ಸಲ ಗೊತ್ತಿರಲ್ಲ. ಶುಕ್ರವಾರ ಸಂಜೆ 6ಕ್ಕೆ ಆಫೀಸ್ ಮುಗಿಸಿ ಹೊರಟರೆ ಸುಮಾರು 200 ಕಿಲೋಮೀಟರ್ ದಾಟಿ ಗುಂಡ್ಲುಪೇಟೆ ಮುಟ್ಟುವಾಗ 10 ಗಂಟೆ ಮೀರಿರುತ್ತೆ. ಊಟಿಯಲ್ಲಿ ರೂಮು ಬುಕ್ ಆಗಿರುತ್ತೆ, ದುಡ್ಡೂ ಕಟ್ಟಿರುತ್ತಾರೆ, ಮಲಗೋದು ಮಾತ್ರ ಇಲ್ಲಿ. ಲಾಡ್ಜಿನವರಿಗೆ ಇದು ಗಿರಾಕಿ ಹೌದು. ಆದರೆ ಮಕ್ಕಳು ಅಳುತ್ತಾ, ಅಜ್ಜಿಗೆ ಮಾತ್ರೆ ಹೊತ್ತು ಮೀರಿ, ಸಿಟ್ಟಿನಲ್ಲಿ ಬಂದ ಗಿರಾಕಿ. ಆ ಹೊತ್ತಿನಲ್ಲಿ ರೂಮಿನ ರೇಟು ದುಪ್ಪಟ್ಟು ಹೇಳಿದರೆ ಆವತ್ತು ಕೊಡುತ್ತಾರೆ, ಮುಂದಿನ ವರ್ಷ ಮೈಸೂರಿನಲ್ಲೇ ಉಳೀತಾರೆ.

ಬೆಳಗಿನ ಕಥೆ ಇನ್ನೊಂದು. 6ಕ್ಕೆ ಗೇಟು ತೆಗೆದ ಕೂಡಲೆ ರಾತ್ರಿಯಿಡೀ ಸಾಲುಗಟ್ಟಿ ನಿಂತ ಲಾರಿಗಳು, ತರಕಾರಿ ಗಾಡಿಗಳು, ಕಾರುಗಳು ಒಟ್ಟಿಗೇ ನುಗ್ಗುತ್ತವೆ. 5 ಗಂಟೆಗೇ ಮಕ್ಕಳನ್ನು ಎಬ್ಬಿಸಿ ಗೇಟಿನ ಮುಂದೆ ಕಾಯೋ ಬದಲು ಊರಲ್ಲೇ ತಿಂಡಿ ಮುಗಿಸಿ, ಗಾಳಿ ಚೆಕ್ ಮಾಡಿಸಿ, 7ರ ಹೊತ್ತಿಗೆ ಹೊರಟರೆ ಕಾಡಿನ ದಾರಿ ಆರಾಮ. ಅದಕ್ಕೆ ಆ ಹೊತ್ತಿಗೆ ಬಿಸಿ ಇಡ್ಲಿ ಸಿಗಬೇಕು, ಶೌಚಾಲಯ ಶುಚಿಯಾಗಿರಬೇಕು. ಹೆಣ್ಣುಮಕ್ಕಳು, ವಯಸ್ಸಾದವರು ಇರೋ ಕಾರು ಯಾವ ಹೋಟೆಲ್ ಮುಂದೆ ನಿಲ್ಲಬೇಕು ಅನ್ನೋದನ್ನು ಈಗ ದೋಸೆಗಿಂತ ಮೊದಲು ಶೌಚಾಲಯ ತೀರ್ಮಾನ ಮಾಡುತ್ತೆ. ಇದನ್ನು ಮೊದಲು ಅರ್ಥ ಮಾಡಿಕೊಂಡಿದ್ದು ಬೆಂಗಳೂರು-ಮೈಸೂರು ರಸ್ತೆಯ ದೊಡ್ಡ ಹೋಟೆಲ್‌ಗಳು.

ನಿಜವಾದ ಅಪಾಯ ಇರೋದು ವಾಪಸ್ ಬರುವಾಗ. ಊಟಿಯಿಂದ ಗೂಡಲೂರು ಸುಮಾರು 50 ಕಿಲೋಮೀಟರ್, ಎಲ್ಲಾ ಇಳಿಜಾರು, ತಿರುವು. ಗೂಡಲೂರಿನಿಂದ ಇಲ್ಲಿಗೆ ಮತ್ತೆ ಅಷ್ಟೇ ದೂರ, ಬಹುಪಾಲು ಮುದುಮಲೆ, ಬಂಡೀಪುರ ಕಾಡು, ಹಂಪ್‌ಗಳ ಮೇಲೆ ಹಂಪ್. ಸೀಸನ್ ಜಾಮ್‌ನಲ್ಲಿ ಸಂಜೆ 6ಕ್ಕೆ ಊಟಿ ಬಿಟ್ಟವರು 9ರ ಒಳಗೆ ಗೇಟು ಸೇರೋಕೆ ಕಾಡೊಳಗೆ ಗಾಡಿ ಓಡಿಸುತ್ತಾರೆ. ಜಿಂಕೆ, ಆನೆ ರಸ್ತೆಗೆ ಬರೋದೂ ಅದೇ ಹೊತ್ತು. ನಿಷೇಧ ತಂದಿದ್ದು ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದು ಅಂತ. ಆದರೆ ಗೇಟು ಮುಚ್ಚುವ ಮುಂಚಿನ ಒಂದು ಗಂಟೆಯ ಓಟ ಪ್ರಾಣಿಗೂ ಕೆಟ್ಟದ್ದು, ಕಾರಿನಲ್ಲಿರೋ ಸಂಸಾರಕ್ಕೂ ಕೆಟ್ಟದ್ದು. ಸಂಜೆ 4ಕ್ಕೆ ಊಟಿ ಬಿಡೋದು ಅಂತ ಮೊದಲೇ ತೀರ್ಮಾನ ಮಾಡಿದರೆ ಈ ಓಟವೇ ಬೇಕಾಗಲ್ಲ.

ಪಾಸ್ ಇಲ್ಲದಿದ್ದರೆ?

ಎರಡನೇ ಗಡಿಯಾರ ತಮಿಳುನಾಡಿನದು. ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20 ಸಾವಿರ ವಾಹನ ನೀಲಗಿರಿ ಹತ್ತುತ್ತಿವೆ ಅನ್ನೋ ಅಂಕಿ ನೋಡಿದ ಮದ್ರಾಸ್ ಹೈಕೋರ್ಟ್ 2024ರ ಏಪ್ರಿಲ್ ಕೊನೆಗೆ ಇ-ಪಾಸ್ ಕಡ್ಡಾಯ ಮಾಡಿತು. ಮೇ 7ರಿಂದ ಜಾರಿಗೆ ಬಂತು. ಮೊದಲ ವರ್ಷ ಅದು ಬರೀ ನೋಂದಣಿ, ಕೇಳಿದವರಿಗೆಲ್ಲ ಸಿಗುತ್ತಿತ್ತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಸಂಖ್ಯೆಗೂ ಮಿತಿ ಬಂತು: ನೀಲಗಿರಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ. ಕೊಡೈಕೆನಾಲ್‌ಗೆ 4,000 ಮತ್ತು 6,000. ಸ್ಥಳೀಯ ವಾಹನ, ಸರ್ಕಾರಿ ಬಸ್, ಕೃಷಿ ಉತ್ಪನ್ನ ಸಾಗಿಸುವ ಗಾಡಿಗಳಿಗೆ ವಿನಾಯಿತಿ.

20 ಸಾವಿರ ಎಲ್ಲಿ, 8 ಸಾವಿರ ಎಲ್ಲಿ! ಊಟಿಯ ವ್ಯಾಪಾರಿಗಳು ಸುಮ್ಮನಿರಲಿಲ್ಲ. 2025ರ ಏಪ್ರಿಲ್ ಆರಂಭದಲ್ಲೇ ಅಂಗಡಿ ಮುಚ್ಚಿ ಪ್ರತಿಭಟನೆ ಮಾಡಿದರು. ಬೆಟ್ಟ ಹತ್ತೋ ಗಾಡಿ ಕಮ್ಮಿ ಆದರೆ ಬೆಟ್ಟದ ಬುಡದ ಊರಿಗೂ ಹೊಡೆತ ಅನ್ನೋ ಅಳುಕು ಸಹಜ. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಪಾಸ್ ಸಿಗದ ಕುಟುಂಬ ಪ್ರವಾಸವನ್ನೇ ಕೈಬಿಡುತ್ತೆ ಅಂತಿಲ್ಲ, ಬೇರೆ ಕಡೆ ತಿರುಗುತ್ತೆ. ಗೋಪಾಲಸ್ವಾಮಿ ಬೆಟ್ಟ ಇದೆ, ಬಂಡೀಪುರ ಇದೆ, ವಯನಾಡು ಇದೆ. ಈ ಮೂರಕ್ಕೂ ಗುಂಡ್ಲುಪೇಟೆಯೇ ಬಾಗಿಲು. ಬಾಗಿಲಲ್ಲಿ ನಿಂತವರು ಜನರನ್ನು ಒಂದು ದಿನ ಉಳಿಸಿಕೊಳ್ಳುತ್ತಾರಾ, ಬರೀ ಟೀ ಕುಡಿಸಿ ಕಳಿಸುತ್ತಾರಾ ಅನ್ನೋದು ಪ್ರಶ್ನೆ.

ಪಾಸ್ ಬಗ್ಗೆ ಪ್ರಯಾಣಿಕರಿಗೆ ಎರಡು ಮಾತು. ಇದು ಆನ್‌ಲೈನ್‌ನಲ್ಲಿ ಉಚಿತ. ಗಾಡಿ ನಂಬರ್, ಎಷ್ಟು ಜನ, ಯಾವತ್ತು ಹೋಗಿ ಯಾವತ್ತು ಬರೋದು, ಎಲ್ಲಿ ಉಳಿಯೋದು ಅನ್ನೋದನ್ನು ತುಂಬಿದರೆ ಕ್ಯೂಆರ್ ಕೋಡ್ ಬರುತ್ತೆ. ಕಾಡಿನಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ, ಅದಕ್ಕೆ ಹೊರಡೋ ಮುಂಚೆಯೇ ಫೋನಿನಲ್ಲಿ ಸೇವ್ ಮಾಡಬೇಕು ಅಥವಾ ಪ್ರಿಂಟ್ ತಗೋಬೇಕು. ಊರಿನ ಜೆರಾಕ್ಸ್ ಅಂಗಡಿಗಳು ಪ್ರಿಂಟಿಗೆ ನ್ಯಾಯವಾದ ಕಾಸು ತಗೊಳ್ಳಲಿ. ಪಾಸಿಗೇ ದುಡ್ಡು ಅಂತ ಯಾರಾದರೂ ವಸೂಲಿಗೆ ಇಳಿದರೆ ಕೆಟ್ಟ ಹೆಸರು ಇಡೀ ಊರಿಗೆ. ಮಿತಿ, ದಿನಾಂಕ ಎಲ್ಲ ಕೋರ್ಟ್ ಆದೇಶದ ಮೇಲೆ ಬದಲಾಗುವಂಥದ್ದು, ರೂಮು ಬುಕ್ ಮಾಡುವ ಮೊದಲೇ ಪಾಸ್ ನೋಡೋದು ಜಾಣತನ.

ಇಲ್ಲಿ ಯಾರೂ ಅಷ್ಟಾಗಿ ಮಾತಾಡದ ಒಂದು ದಾರಿ ಇದೆ. ಸರ್ಕಾರಿ ಬಸ್ಸಿಗೆ ಪಾಸ್ ಬೇಡ. ಮೈಸೂರು-ಊಟಿ ಬಸ್ಸುಗಳು ಗುಂಡ್ಲುಪೇಟೆ ಮೇಲೇ ಹೋಗುತ್ತವೆ. ಕಾರನ್ನು ಇಲ್ಲೇ ಬಿಟ್ಟು ಬಸ್ಸಲ್ಲಿ ಬೆಟ್ಟ ಹತ್ತಿದರೆ ಪಾಸಿನ ತಲೆನೋವೂ ಇಲ್ಲ, ಘಾಟಿಯಲ್ಲಿ ಓಡಿಸೋ ತಲೆನೋವೂ ಇಲ್ಲ. ತೊಂದರೆ ಏನಂದ್ರೆ, ಸೀಸನ್‌ನಲ್ಲಿ ಬಸ್ಸು ಮೈಸೂರಿನಲ್ಲೇ ತುಂಬಿ ಬರುತ್ತೆ. ಕಾರು ಎರಡು ದಿನ ನಂಬಿಕೆಯಿಂದ ಬಿಡೋಕೆ ಊರಲ್ಲಿ ಒಂದು ಗುರುತಾದ ಜಾಗವೂ ಬೇಕು. ಏಪ್ರಿಲ್-ಮೇನಲ್ಲಿ ಇಲ್ಲಿಂದಲೇ ಹೊರಡೋ ನಾಲ್ಕು ಬಸ್ಸು, ಕಾವಲು ಇರೋ ಒಂದು ಪಾರ್ಕಿಂಗ್ ಜಾಗ, ಇಷ್ಟು ಪುರಸಭೆ ಮತ್ತು ಸಾರಿಗೆ ಸಂಸ್ಥೆ ಸೇರಿ ಮಾಡಿದರೆ ಕಾರು ಬಿಟ್ಟು ಹೋದ ಪ್ರತಿ ಕುಟುಂಬ ವಾಪಸ್ ಬಂದಾಗ ಇಲ್ಲಿಯೇ ಊಟ ಮಾಡುತ್ತೆ, ಇಲ್ಲಿಯೇ ಹಣ್ಣು ಕೊಳ್ಳುತ್ತೆ. ನಿಷೇಧ ತೆರವಿಗೆ ಕಾಯೋದಕ್ಕಿಂತ ಇದು ಹತ್ತಿರದ ಕೆಲಸ.

ಕಲ್ಲಟ್ಟಿ ಆಸೆ ಬೇಡ

ಮ್ಯಾಪ್ ನೋಡೋರಿಗೆ ಮಸಿನಗುಡಿ ಮೇಲಿನ ದಾರಿ ಗೂಡಲೂರಿಗಿಂತ 30 ಕಿಲೋಮೀಟರ್‌ನಷ್ಟು ಹತ್ತಿರ ಅಂತ ತೋರಿಸುತ್ತೆ. ಹತ್ತಿರ ನಿಜ. ಆದರೆ ಅದು 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ. 2018ರಲ್ಲಿ ಪ್ರವಾಸಿಗರ ಕಾರೊಂದು ಅಲ್ಲಿ ಕೆಳಗೆ ಉರುಳಿ, ಎರಡು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ಹೊರಗಿನ ಗಾಡಿಗಳು ಊಟಿಯಿಂದ ಆ ದಾರಿಯಲ್ಲಿ ಇಳಿಯೋಕೆ ಬಿಡಲ್ಲ, ಗೂಡಲೂರು ಕಡೆಯೇ ಬರಬೇಕು. ಹತ್ತೋದಾದರೂ ಬಯಲು ಸೀಮೆಯಲ್ಲಿ ಮಾತ್ರ ಓಡಿಸಿದ ಕೈ, ಏಳು ಜನ ಮತ್ತು ತಲೆ ಮೇಲೆ ಲಗೇಜು ಹೊತ್ತ ಕಾರು, ಇವೆರಡು ಸೇರಿದರೆ ಆ ದಾರಿ ಬೇಡವೇ ಬೇಡ.

ಗೂಡಲೂರು ಘಾಟಿಯಲ್ಲೂ ಇಳಿಯುವಾಗ ಎರಡನೇ ಗೇರು ಬಿಡಬಾರದು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ಗೆ ಹಾಕಿ ಬರೀ ಬ್ರೇಕ್ ಮೇಲೆ ಇಳಿದರೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬರುತ್ತೆ, ಆಮೇಲೆ ಬ್ರೇಕ್ ಹಿಡಿಯಲ್ಲ. ಆಟೋಮ್ಯಾಟಿಕ್ ಕಾರಿನವರು ಕೆಳಗಿನ ಗೇರಿಗೆ ಹೇಗೆ ಹಾಕೋದು ಅಂತ ಊರಲ್ಲೇ ಕಲಿತು ಹೋಗಬೇಕು. ಟೈರು, ಬ್ರೇಕ್ ನೋಡಿಸೋಕೆ ಗುಂಡ್ಲುಪೇಟೆಯ ಗ್ಯಾರೇಜುಗಳಿಗಿಂತ ಮುಂದೆ ಗೂಡಲೂರಿನವರೆಗೆ ನಂಬೋ ಜಾಗ ಸಿಗೋದು ಕಷ್ಟ, ಕಾಡೊಳಗೆ ಗಾಡಿಯಿಂದ ಇಳಿಯೋದೇ ತಪ್ಪು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆ ಜೊತೆ ಸೆಲ್ಫಿಗೆ ಹೋಗಿ ಅದರ ಕಾಲಡಿ ಸಿಕ್ಕಿ ಬದುಕಿ ಬಂದವರಿಗೆ ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತ್ತು.

ಇನ್ನು ನೀರಿನ ಬಾಟಲಿ ವಿಷಯ. ಇಲ್ಲಿನ ಅಂಗಡಿಗಳಲ್ಲಿ ಕೇಸುಗಟ್ಟಲೆ ಸಣ್ಣ ಬಾಟಲಿ ಕೊಂಡ ಕುಟುಂಬ ನೀಲಗಿರಿ ಗಡಿಯಲ್ಲಿ ಅದನ್ನು ಕಳಕೊಳ್ಳುತ್ತೆ, ಅಲ್ಲಿ ಒಮ್ಮೆ ಬಳಸಿ ಬಿಸಾಡೋ ಪ್ಲಾಸ್ಟಿಕ್‌ಗೆ ನಿಷೇಧ ಇದೆ. ಊಟಿಗೆ ಅಂದವರಿಗೆ ಬಾಟಲಿ ಕೇಸು ಮಾರೋದಕ್ಕಿಂತ ಅವರ ಸ್ಟೀಲ್ ಬಾಟಲಿಗೆ, ಕ್ಯಾನಿಗೆ ಶುದ್ಧ ನೀರು ತುಂಬಿಸಿ ಕೊಟ್ಟರೆ ಲಾಭ ಕಡಿಮೆ ಅನಿಸಬಹುದು. ಆದರೆ ನೀರು ತುಂಬಿಸಿಕೊಂಡವರು ಬಿಸ್ಕತ್ತು, ಬಾಳೆಹಣ್ಣು, ಘಾಟಿ ವಾಂತಿಗೆ ನಿಂಬೆಹಣ್ಣು ಅಂತ ಇನ್ನೂ ನಾಲ್ಕು ಸಾಮಾನು ಕೊಂಡೇ ಹೋಗುತ್ತಾರೆ. ಹಣ್ಣಿನ ಚೀಲ ಕಿಟಕಿ ಪಕ್ಕ ಇಡಬೇಡಿ, ಕೋತಿಗೆ ಕೊಡಬೇಡಿ ಅನ್ನೋದನ್ನೂ ಮಾರುವಾಗಲೇ ಹೇಳಿಬಿಡಬಹುದು.

ಊಟಿ ಬಿಟ್ಟು ಇಲ್ಲೇ ಒಂದು ದಿನ ಕಳೆಯೋರಿಗೂ ಟೈಮ್ ಮುಖ್ಯ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲ, ತಪ್ಪಲಿನಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಲ್ಲೇ ಹತ್ತಬೇಕು, ಸಂಜೆ ಬೇಗ ಮುಗಿಯುತ್ತೆ. ಮಧ್ಯಾಹ್ನ ಊಟ ಮಾಡಿ ನಿಧಾನಕ್ಕೆ ಹೋದವರು ತಪ್ಪಲಿನಿಂದಲೇ ಕೈ ಮುಗಿದು ಬರಬೇಕಾಗುತ್ತೆ. ಸಫಾರಿಯನ್ನೇ ನಂಬಿ ಮಕ್ಕಳಿಗೆ ಮಾತು ಕೊಡೋದೂ ಬೇಡ. ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತ್ತು. ಕಾಡಂಚಿನ ಹಳ್ಳಿಯ ಜೀವದ ಪ್ರಶ್ನೆ ಎದ್ದಾಗ ಪ್ರವಾಸ ಹಿಂದಕ್ಕೆ ಸರಿಯೋದು ನ್ಯಾಯವೇ. ಹೊರಡೋ ಮುಂಚೆ ಫೋನ್ ಮಾಡಿ ಕೇಳೋದು ಪ್ರಯಾಣಿಕರ ಕೆಲಸ.

ಇಷ್ಟೂ ಸಂಗತಿ ಊರಿನ ಡ್ರೈವರುಗಳಿಗೆ, ಟೀ ಅಂಗಡಿಯವರಿಗೆ ಬಾಯಿಪಾಠ. ಬೋರ್ಡಿನ ಮೇಲೆ ಮಾತ್ರ ಎಲ್ಲೂ ಒಟ್ಟಿಗೆ ಕಾಣಲ್ಲ. ಗೇಟಿನ ಟೈಮು ಚೆಕ್‌ಪೋಸ್ಟ್ ಹತ್ತಿರ ಬರೆದಿದ್ದರೆ ಅಲ್ಲಿಗೆ ಬಂದವರಿಗೆ ಏನು ಉಪಯೋಗ? ಅದು ಮೈಸೂರು ಕಡೆಯಿಂದ ಊರಿಗೆ ಬರೋ ಜಾಗದಲ್ಲಿ, ಪೆಟ್ರೋಲ್ ಬಂಕ್‌ಗಳಲ್ಲಿ, ಹೋಟೆಲ್ ಕ್ಯಾಶ್ ಕೌಂಟರ್ ಪಕ್ಕದಲ್ಲಿ ಇರಬೇಕು: 9ಕ್ಕೆ ಗೇಟ್ ಬಂದ್, ಊಟಿಗೆ ಪಾಸ್ ಬೇಕು, ಬಸ್ಸಿಗೆ ಬೇಡ, ಕಲ್ಲಟ್ಟಿಯಲ್ಲಿ ಇಳಿಯೋ ಹಾಗಿಲ್ಲ. ಒಂದು ಫ್ಲೆಕ್ಸಿನ ಖರ್ಚು. ರಜೆ ಶುರುವಾಗೋ ಮೊದಲು ವರ್ತಕರು ಸೇರಿ ಹಾಕಿಸಬಹುದು, ಅದಕ್ಕೆ ಯಾವ ಕೋರ್ಟಿನ ಅನುಮತಿಯೂ ಬೇಕಿಲ್ಲ, ಪುರಸಭೆಯ ಒಂದು ಸಹಿ ಸಾಕು.